ಬಚ್ಚಲಿಗೆ ಟೆಲಿಫೋನು ಬಂತು

ಸೇಲಂ ಸೀಮೆಯವರಿಗೆ ನೀರಿನ ಪಾಠ ಹೇಳಲು ಯಾರೂ ಹೋಗಬೇಡಿ. ಹೋದವರನ್ನು ಅವರೇ ಕೂರಿಸಿಕೊಂಡು ಪಾಠ ಹೇಳಿ ಕಳಿಸುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ ಕೂಡಲೇ ಪತ್ರಿಕೆಯಲ್ಲಿ ಅವರು ಹುಡುಕುವುದು ಮೆಟ್ಟೂರು ಕಟ್ಟೆಯ ನೀರಿನ ಮಟ್ಟವನ್ನೇ. ಚಿನ್ನದ ದರ, ಮದುವೆ ಮುಹೂರ್ತ, ಸಾವಿನ ಸುದ್ದಿ ಎಲ್ಲ ಆಮೇಲೆ. 1934ರಲ್ಲಿ ಕಟ್ಟಿ ಮುಗಿದ ಕಟ್ಟೆ, ಪೂರ್ಣ ಮಟ್ಟ 120 ಅಡಿ, ಹಿಡಿಯುವ ನೀರು 93.47 ಟಿಎಂಸಿ, ಕಾವೇರಿ ಡೆಲ್ಟಾದ ಕುರುವೈ ಬೆಳೆಗೆ ಬಾಗಿಲು ತೆಗೆಯುವ ವಾಡಿಕೆ ಜೂನ್ 12ಕ್ಕೆ, ಕಟ್ಟೆ ಉಕ್ಕಿದರೆ ಹೆಚ್ಚುವರಿ ನೀರು ಹೋಗುವುದು ಹದಿನಾರು ಕಣ್ಣಿನ ಮದಗಿನಲ್ಲಿ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಯಾವ ಪುಣ್ಯಾತ್ಮರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಷ್ಟನ್ನು ತಡವರಿಸದೆ ಹೇಳುತ್ತಾರೆ.

ಅದೇ ಪುಣ್ಯಾತ್ಮರನ್ನು ಮೆಲ್ಲಗೆ ಕೇಳಿ ನೋಡಿ: "ಸಾರ್, ನಿಮ್ಮ ಬಚ್ಚಲಿನ ಶವರ್ ಪೈಪಿನ ನಟ್ಟಿನೊಳಗೆ ವಾಷರ್ ಇದೆಯಾ?"

ಬೆಂಚಿನಲ್ಲಿ ಮೌನ. ಒಬ್ಬರಿಗೆ ಬಸ್ಸಿನ ನೆನಪಾಗುತ್ತದೆ, ಇನ್ನೊಬ್ಬರಿಗೆ ಫೋನು ಬರುತ್ತದೆ. ಕಾವೇರಿ ನ್ಯಾಯಮಂಡಳಿಯ ತೀರ್ಪಿನ ಬಗ್ಗೆ ಅರ್ಧ ಗಂಟೆ ವಾದಿಸಬಲ್ಲ ಗಂಡಸು, ಮನೆಯ ಬಚ್ಚಲಲ್ಲಿ ಟಪ್ ಟಪ್ ಎನ್ನುವ ಹನಿಯ ಮುಂದೆ ಮಾತು ಕಳೆದುಕೊಳ್ಳುತ್ತಾನೆ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ಸುಮಾರು 20 ಲೀಟರ್ ಹೋಯಿತು, ಅಂದರೆ ಒಂದು ದೊಡ್ಡ ಬಕೆಟ್ಟು ಎಂದು ಲೆಕ್ಕ ಹೇಳಿದರೆ, "ಅಷ್ಟೇ ತಾನೇ, ಕರ್ನಾಟಕದವರು ಬಿಟ್ಟಿದ್ದು ಅಂತ ಅಂದುಕೊಳ್ಳೋಣ" ಎಂದು ನಕ್ಕುಬಿಡುತ್ತಾನೆ.

ಈಗ ನಮ್ಮ ಭಾವನ ವಿಷಯಕ್ಕೆ ಬರೋಣ. ಭಾವ ಸೇಲಂ ಊರೊಳಗಿನ ಗುಗೈಯವರು. ಮನೆಮಾತು ಕನ್ನಡ, ಬೀದಿಮಾತು ತಮಿಳು, ಸಿಟ್ಟಿನ ಮಾತು ಎರಡರ ಕಲಸುಮೇಲೋಗರ. ಕುಲದೇವತೆ ಚೌಡೇಶ್ವರಿ, ಕುಲಕಸುಬು ನೇಯ್ಗೆ. ಭೌಗೋಳಿಕ ಗುರುತಿನ ಪಟ್ಟ ಪಡೆದ ಸೇಲಂ ವೆಣ್‌ಪಟ್ಟಿನ ಪಂಚೆ ನೇಯುತ್ತಿದ್ದ ಮನೆತನ. ಮಗ್ಗ ಈಗ ಅಟ್ಟ ಸೇರಿದೆ, ಭಾವ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ವರಾಂಡ ಸೇರಿದ್ದಾರೆ. ಅವರ ತಾಯಿ, ಅಂದರೆ ನನಗೂ ಅತ್ತೆಯೇ, ಮಂಡಿ ಆಪರೇಷನ್ ಮಾಡಿಸಿಕೊಂಡ ಮೇಲೆ ಮಣೆಯ ಮೇಲೆ ಕೂತು ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುವುದು ಆಗದ ಮಾತಾಯಿತು. ಬಗ್ಗಬಾರದು, ಜಾರಬಾರದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೇ ಸ್ನಾನ ಎಂದು ಡಾಕ್ಟರು ಹೇಳಿದ್ದರು. ಬೆಂಗಳೂರಿನಲ್ಲಿರುವ ಮೊಮ್ಮಗ ಕೂಡಲೇ ಒಂದು ಪೆಟ್ಟಿಗೆ ಕೊರಿಯರ್ ಮಾಡಿದ. ಒಳಗೆ ಮಿರಮಿರ ಮಿಂಚುವ ಹ್ಯಾಂಡ್ ಶವರ್, ಒಂದೂವರೆ ಮೀಟರಿನ ಸ್ಟೀಲು ಕೊಳವೆ, ಗೋಡೆಗೆ ಹೊಡೆಯುವ ಕೊಕ್ಕೆ, ಹತ್ತೆಂಟು ಭಾಷೆಗಳಲ್ಲಿ ಅಚ್ಚಾದ ಒಂದು ಹಾಳೆ. ಆ ಹತ್ತೆಂಟರಲ್ಲಿ ಕನ್ನಡವೂ ಇಲ್ಲ, ತಮಿಳೂ ಇಲ್ಲ.

ಇದಕ್ಕೆ ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಟೆಲಿಫೋನ್ ಶವರ್ ಎನ್ನುತ್ತಾರೆ. ಹಳೆಯ ಕಪ್ಪು ಫೋನಿನ ರಿಸೀವರು ಹೇಗೆ ಕೊಕ್ಕೆಯ ಮೇಲೆ ಕೂರುತ್ತಿತ್ತೋ ಹಾಗೇ ಇದೂ ಕೂರುತ್ತದೆ. ಅತ್ತೆ ಹೆಸರು ಕೇಳಿದವರೇ, "ಬಚ್ಚಲಲ್ಲಿ ಕೂತು ನಾನು ಯಾರ ಜೊತೆ ಮಾತಾಡಬೇಕೋ?" ಎಂದರು. ಭಾವ, "ಬೆಂಗಳೂರಿಗೇ ಮಾತಾಡಮ್ಮ, ನೀರೂ ಅವರದೇ ಬಾಕಿ ಇದೆ" ಎಂದರು.

ಈ ಟೆಲಿಫೋನು ಹೊಸದೇನಲ್ಲ. ಜರ್ಮನಿಯ ಹ್ಯಾನ್ಸ್‌ಗ್ರೋಹೆ ಎಂಬ ಕಂಪನಿಯವರು 1953ರಲ್ಲೇ ಗೋಡೆಗೊಂದು ಸರಳು ನಿಲ್ಲಿಸಿ, ಶವರನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಏರ್ಪಾಡು ಮಾಡಿದ್ದರು. 1968ರಲ್ಲಿ ನೀರಿನ ಧಾರೆಯನ್ನು ಬೇಕಾದಂತೆ ಬದಲಿಸುವ ಹಿಡಿಯನ್ನೂ ತಂದರು. ಅಲ್ಲಿಯವರಿಗೆ ಅದು ಸೊಗಸಿಗೆ, ನಮಗೆ ಮಂಡಿನೋವಿಗೆ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯರ ಮಂಡಿ ಕೈಕೊಟ್ಟ ಮೇಲೆಯೇ ಬಚ್ಚಲಿನ ನವೀಕರಣ ಶುರುವಾಗುವುದು ಎಂಬುದನ್ನು ನೀವೂ ಗಮನಿಸಿರುತ್ತೀರಿ.

ಪ್ಲಂಬರನ್ನು ಕರೆದದ್ದಾಯಿತು. "ನಾಳೆಕ್ಕಿ ಕಾಲೈಲೆ ವಂದಿಡ್ರೇನ್ ಸಾರ್" ಎಂದ. ಪ್ಲಂಬರುಗಳ ಪಂಚಾಂಗದಲ್ಲಿ ನಾಳೆ ಬೆಳಿಗ್ಗೆ ಎಂಬುದು ತಿಥಿ ನಿಶ್ಚಯವಾಗದ ಹಬ್ಬ. ಕಾದು ಬೇಸತ್ತ ಭಾವ ಪಂಚೆ ಎತ್ತಿ ಕಟ್ಟಿದರು. "ಮಾಪ್ಳೆ, ಇದೇನು ರಾಕೆಟ್ಟಾ? ತಿರುಗಿಸೋದು, ಬಿಗಿ ಮಾಡೋದು, ಅಷ್ಟೇ" ಎಂದರು. ಈ 'ಅಷ್ಟೇ' ಎಂಬ ಮಾತಿನಿಂದಲೇ ನಾಡಿನ ಅರ್ಧ ಬಚ್ಚಲುಗಳು ಸೋರುತ್ತಿವೆ.

ಗಂಡಸರು ಸೋರಿಕೆಯನ್ನು ಪೌರುಷದ ಪ್ರಶ್ನೆ ಎಂದು ತಿಳಿದಿದ್ದಾರೆ. ನೀರು ಸೋರಿತೇ? ಬಿಗಿ ಮಾಡು. ಇನ್ನೂ ಸೋರಿತೇ? ಉದ್ದ ಹಿಡಿಯ ಸ್ಪ್ಯಾನರ್ ತಂದು, ಹಲ್ಲು ಕಚ್ಚಿ ಬಿಗಿ ಮಾಡು. ಆಮೇಲೂ ಸೋರಿದರೆ ಪಕ್ಕದ ಮನೆಯ ಪೈಲ್ವಾನ್ ಹುಡುಗನನ್ನು ಕರೆದುಕೊಂಡು ಬಾ. ನೀರಿಗೆ ಇದರಿಂದ ಏನೂ ಆಗುವುದಿಲ್ಲ, ಪಿತ್ತಳೆಯ ಬಾಯಿ ಕೂರಿಸಿದ ಪ್ಲಾಸ್ಟಿಕ್ ಎಲ್ಬೋಗೆ ಆಗುತ್ತದೆ. ಟೈಲ್ಸಿನ ಹಿಂದೆ, ಗೋಡೆಯೊಳಗೆ, ಕಣ್ಣಿಗೆ ಕಾಣದಂತೆ ಅದು ಕೂದಲೆಳೆಯಷ್ಟು ಬಿರಿಯುತ್ತದೆ. ಬಚ್ಚಲಲ್ಲಿ ಸೋರಿಕೆ ನಿಂತಿತು ಎಂದು ಭಾವ ಎದೆಯುಬ್ಬಿಸುತ್ತಾರೆ, ಕೆಲವು ವಾರ ಕಳೆದ ಮೇಲೆ ಅತ್ತ ಕಡೆಯ ಮಲಗುವ ಕೋಣೆಯ ಗೋಡೆ ಉಬ್ಬಲು ಶುರುಮಾಡುತ್ತದೆ.

ನೀರು ನಿಲ್ಲುವುದು ತೋಳ್ಬಲಕ್ಕಲ್ಲ. ಬಚ್ಚಲಲ್ಲಿ ಎರಡು ಬಗೆಯ ಜಾಯಿಂಟುಗಳಿವೆ, ಎರಡರ ಸ್ವಭಾವವೂ ಬೇರೆ. ಒಂದರಲ್ಲಿ ಮರೆ, ಅಂದರೆ ತಿರುಪಿನ ಸುರುಳಿಯೇ ನೀರು ತಡೆಯಬೇಕು. ಗೋಡೆಯ ಎಲ್ಬೋಗೆ ಕೂರುವ ಶವರಿನ ತೋಳು, ನಲ್ಲಿ, ಆಂಗಲ್ ವಾಲ್ವು ಎಲ್ಲ ಈ ಜಾತಿ. ಮರೆಗೂ ಮರೆಗೂ ನಡುವೆ ಉಳಿಯುವ ಸಂದನ್ನು ತುಂಬಲು ಇದಕ್ಕೆ ಟೇಪು ಬೇಕು. ಇನ್ನೊಂದರಲ್ಲಿ ಮರೆಗೆ ನೀರು ತಡೆಯುವ ಕೆಲಸವೇ ಇಲ್ಲ, ಎರಡು ಮುಖಗಳನ್ನು ಹತ್ತಿರಕ್ಕೆ ಎಳೆದು ಹಿಡಿಯುವುದಷ್ಟೇ ಅದರ ಉದ್ಯೋಗ. ನೀರು ತಡೆಯುವುದು ನಡುವೆ ಚಪ್ಪಟೆಯಾಗಿ ಕೂತ ರಬ್ಬರ್ ವಾಷರು. ಹ್ಯಾಂಡ್ ಶವರಿನ ಕೊಳವೆಯ ಎರಡು ತುದಿಗಳೂ ಈ ಜಾತಿ. ಇಲ್ಲಿ ಟೇಪು ಸುತ್ತಿದರೆ ನಟ್ಟು ಪೂರ್ತಿ ಒಳಗೆ ಹೋಗದೆ ನಡುವೆಯೇ ನಿಲ್ಲುತ್ತದೆ, ವಾಷರಿನ ಮೇಲೆ ಸರಿಯಾದ ಒತ್ತು ಬೀಳುವುದಿಲ್ಲ, ಟೇಪು ಸುತ್ತಿದ ತೃಪ್ತಿ ಮಾತ್ರ ಉಳಿದು ನೀರು ಹೋಗುತ್ತಲೇ ಇರುತ್ತದೆ.

ನಮ್ಮವರು ಮಾಡುವುದು ಸರಿಯಾಗಿ ಇದರ ತಿರುವುಮುರುವು. ಟೇಪು ಬೇಕಾದ ಕಡೆ ಜಿಪುಣತನ, ಎರಡು ಸುತ್ತು ಸುತ್ತಿ "ಪೋದುಂ" ಎನ್ನುತ್ತಾರೆ. ಬೇಡದ ಕಡೆ ಧಾರಾಳತನ, ಕೊಳವೆಯ ತುದಿಗೆ ರುಮಾಲು ಕಟ್ಟಿದ ಹಾಗೆ ಸುತ್ತುತ್ತಾರೆ. ವಾಷರು? ಅದು ಪೆಟ್ಟಿಗೆ ಬಿಚ್ಚುವಾಗಲೇ ಕಸದ ಜೊತೆ ಹೋಗಿರುತ್ತದೆ. ಭಾವನ ಮನೆಯಲ್ಲಿ ಅದು ಅಕ್ಕನ ಕೈಗೆ ಸಿಕ್ಕಿ, ಪ್ರೆಷರ್ ಕುಕ್ಕರಿನ ಯಾವುದೋ ಭಾಗವಿರಬೇಕೆಂದು ಅಡುಗೆಮನೆಯ ಡಬ್ಬಿ ಸೇರಿತ್ತು.

ಟೇಪಿನ ಬಗ್ಗೆ ನಾಲ್ಕು ಮಾತು ಆಡದೆ ಮುಂದೆ ಹೋದರೆ ಅದಕ್ಕೆ ಅವಮಾನ. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಶಾಸ್ತ್ರಜ್ಞ ಫ್ರಿಜ್ಜಿಗೆ ಬೇಕಾದ ಅನಿಲದ ಹಿಂದೆ ಬಿದ್ದಿದ್ದ. ತುಂಬಿದ ಸಿಲಿಂಡರಿನ ಬಾಯಿ ತೆರೆದರೆ ಅನಿಲವೇ ಬರಲಿಲ್ಲ. ಕೊಯ್ದು ನೋಡಿದಾಗ ಒಳಗೆ ಜಾರುವ ಬಿಳಿ ಪುಡಿ. ಅದೇ ಟೆಫ್ಲಾನ್. ಫ್ರಿಜ್ಜಿನ ಕನಸು ಕಂಡವನಿಂದ ನಮಗೆ ದೋಸೆಯ ಹೆಂಚೂ ಬಂತು, ನಲ್ಲಿಯ ಟೇಪೂ ಬಂತು. ಅದು ಬರುವ ಮುಂಚೆ ನಮ್ಮ ಪ್ಲಂಬರುಗಳು ಮರೆಗೆ ಸೆಣಬಿನ ನಾರು ಸುತ್ತಿ ಮೇಲೆ ಪೇಂಟು ಬಳಿಯುತ್ತಿದ್ದರು. ಹಳೆಯ ಕಬ್ಬಿಣದ ಪೈಪಿನ ಜಾಯಿಂಟು ಬಿಚ್ಚಿದರೆ ಮುದುಕರ ಮೀಸೆಯ ಹಾಗೆ ಹೊರಬೀಳುವುದು ಅದೇ ನಾರು.

ಈ ಟೇಪಿಗೊಂದು ದಿಕ್ಕಿದೆ. ಮರೆಯ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಬೇಕು. ಬಿಗಿ ಮಾಡುವಾಗ ಟೇಪು ಇನ್ನಷ್ಟು ಅಪ್ಪಿಕೊಳ್ಳುತ್ತದೆ. ತಿರುಗಾಮುರುಗಾ ಸುತ್ತಿದರೆ, ನೀವು ಬಿಗಿ ಮಾಡಿದಷ್ಟೂ ಅದು ಬಿಚ್ಚಿಕೊಂಡು ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಹಳೆಯ ಟೇಪಿನ ಚೂರುಗಳನ್ನು ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಪೂರ್ತಿ ತೆಗೆದು, ಮೊದಲ ಮರೆಯನ್ನು ಖಾಲಿ ಬಿಟ್ಟು, ಟೇಪನ್ನು ಎಳೆದು ಹಿಡಿದು ಎಂಟು ಹತ್ತು ಸುತ್ತು. ನಮ್ಮ ಅಂಗಡಿಯ ಟೇಪು ಹೊಗೆಯಷ್ಟು ತೆಳ್ಳಗಿರುವುದರಿಂದ ಎರಡು ಮೂರು ಸುತ್ತಿಗೆ ಏನೂ ಆಗದು. ಒಮ್ಮೆ ಬಿಗಿ ಮಾಡಿದ ಮೇಲೆ, "ಶವರು ಸ್ವಲ್ಪ ವಾರೆಯಾಯಿತು" ಎಂದು ಹಿಂದಕ್ಕೆ ತಿರುಗಿಸುವಂತಿಲ್ಲ. ತಿರುಗಿಸಿದರೆ ಬಿಚ್ಚಿ ಹೊಸದಾಗಿ ಸುತ್ತಬೇಕು.

ಭಾವ ಸುತ್ತಿದ್ದು ಉಲ್ಟಾ. ಬಾಗಿಲ ಬಳಿ ಸ್ಟೂಲು ಹಾಕಿಸಿಕೊಂಡು ಮೇಲ್ವಿಚಾರಣೆ ಮಾಡುತ್ತಿದ್ದ ಅತ್ತೆ ಸುಮ್ಮನಿರಲಿಲ್ಲ. "ಕಂಡಿಕೆ ಸುತ್ತಿದ ಮನೆಯವನೇನೋ ನೀನು? ನಿಮ್ಮಪ್ಪ ಇದ್ದಿದ್ದರೆ ಲಾಳಿ ತಗೊಂಡು ಬೆನ್ನಿಗೆ ಬಿಡ್ತಿದ್ದರು!" ತಲೆಮಾರುಗಳ ಕಾಲ ಎಳೆ ನೋಡಿ ಬಾಳಿದ ಮನೆತನ. ಎಳೆ ಯಾವ ಕಡೆಗೆ ಸುತ್ತಿದರೆ ನಿಲ್ಲುತ್ತದೆ, ಯಾವ ಕಡೆಗೆ ಸುತ್ತಿದರೆ ಸಡಿಲುತ್ತದೆ ಎಂದು ಎಂಬತ್ತರ ಮುದುಕಿಯ ಬೆರಳಿಗೆ ಗೊತ್ತಿದೆ, ಪಿಂಚಣಿದಾರನ ಪದವಿಗೆ ಗೊತ್ತಿಲ್ಲ. ಅತ್ತೆ ಉಲ್ಟಾ ಸುತ್ತಿದ ಟೇಪನ್ನು ಬಿಚ್ಚಿಸಿ, ಶವರಿನ ತೋಳಿನ ತುದಿಗೆ ಸ್ಟೂಲಿನ ಮೇಲಿಂದಲೇ ಬೆರಳು ತೋರಿಸಿ, "ಎಳೆದು ಹಿಡಿ, ಎಳೆದು ಹಿಡಿ, ಸುಕ್ಕು ಬೀಳಬಾರದು" ಎಂದು ಸುತ್ತಿಸಿದರು. ಆ ಮನೆಯಲ್ಲಿ ಅಂದು ನಡೆದ ಏಕೈಕ ಸರಿಯಾದ ಪ್ಲಂಬಿಂಗ್ ಅದೇ.

ಇದಕ್ಕೂ ಮುಂಚೆ ಹಳೆಯ ಶವರನ್ನು ಬಿಚ್ಚುವ ಪ್ರಸಂಗವಿತ್ತು. ಒಂದೇ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯನ್ನು ಬಿಚ್ಚಿದರು, 1997ರಲ್ಲಿ ನಾಮಕ್ಕಲ್ ಬಿಚ್ಚಿದರು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯನ್ನೂ ಬಿಚ್ಚಿದರು, ಎಲ್ಲಿಯೂ ಏನೂ ಮುರಿಯಲಿಲ್ಲ. ಹದಿನೈದು ವರ್ಷ ಒಂದೇ ಕಡೆ ಕೂತ ಶವರಿನ ಹೂವನ್ನು ತೋಳಿನಿಂದ ಬಿಚ್ಚುವುದು ಮಾತ್ರ ಅಷ್ಟು ಸಲೀಸಲ್ಲ. ಹೂವು ತಿರುಗಿಸಿದರೆ ತೋಳೂ ಜೊತೆಯಲ್ಲೇ ತಿರುಗುತ್ತದೆ. ತೋಳು ತಿರುಗಿದರೆ ಗೋಡೆಯೊಳಗಿನ ಹಳೆಯ ಟೇಪು ಹರಿಯಿತು, ಇಲ್ಲಿಯವರೆಗೆ ಸೋರದ ಜಾಗ ಇನ್ನು ಸೋರುತ್ತದೆ. ಆದ್ದರಿಂದ ಒಂದು ಕೈ ಅಥವಾ ಬಟ್ಟೆ ಸುತ್ತಿದ ರೆಂಚು ತೋಳನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಂದು ಕೈ ಹೂವನ್ನು ಬಿಚ್ಚಬೇಕು. ಸಂಸಾರವೆಂದರೆ ಇಷ್ಟೇ, ಒಬ್ಬರು ತಿರುಗುವಾಗ ಇನ್ನೊಬ್ಬರು ಅಲುಗದೆ ನಿಂತಿರಬೇಕು ಎಂದು ಅಕ್ಕ ಅಡುಗೆಮನೆಯಿಂದಲೇ ಫಲಶ್ರುತಿ ಹೇಳಿದಳು.

ಅಷ್ಟರಲ್ಲಿ ವಿಡಿಯೋ ಕಾಲಿನಲ್ಲಿ ಬೆಂಗಳೂರು ಬಂತು. "ಅಪ್ಪಾ, ಮೇನ್ ವಾಲ್ವ್ ಆಫ್ ಮಾಡಿದ್ದೀರಾ?" ತಾರಸಿಯ ಮೇಲಿನ ಗೇಟ್ ವಾಲ್ವು ಕಟ್ಟಿಸಿದ ದಿನದಿಂದ ಯಾರೂ ಮುಟ್ಟದ ಕಾರಣ ತುಕ್ಕು ಹಿಡಿದು ತಪಸ್ಸಿಗೆ ಕೂತಿತ್ತು. ಅದನ್ನು ಬಲವಂತವಾಗಿ ತಿರುಗಿಸಿ ಕಡ್ಡಿ ಮುರಿದುಕೊಂಡರೆ ಇಡೀ ಮನೆಗೇ ನೀರಿಲ್ಲ. ಟ್ಯಾಂಕಿನೊಳಗಿನ ಬಾಯಿಗೆ ಬಟ್ಟೆಯ ಬಿರಡೆ ಹಾಕಿ ಕೆಲಸ ಸಾಗಿಸಿದ್ದಾಯಿತು. ವರ್ಷಕ್ಕೆ ಎರಡು ಸಲವಾದರೂ ಆ ವಾಲ್ವನ್ನು ಸುಮ್ಮನೆ ತೆರೆದು ಮುಚ್ಚಿ ಮಾಡಿ. ಅದಕ್ಕೂ ವ್ಯಾಯಾಮ, ನಿಮಗೂ ತಾರಸಿ ಹತ್ತಿದ ಪುಣ್ಯ.

ಮುಂದಿನದು ಸುಲಭ. ತೋಳಿನ ತುದಿಗೆ ಡೈವರ್ಟರು ಎಂಬ ಮೂರು ಬಾಯಿಯ ಪಿತ್ತಳೆ ತುಂಡು. ಒಂದು ಬಾಯಿ ತೋಳಿಗೆ, ಒಂದು ಹಳೆಯ ಹೂವಿಗೆ, ಒಂದು ಕೊಳವೆಗೆ. ಅದರ ಹೆಣ್ಣು ಮರೆಯೊಳಗೆ ಬೆರಳಿಟ್ಟು ನೋಡಿ. ಚಪ್ಪಟೆ ವಾಷರು ಇದ್ದರೆ ಟೇಪು ಬೇಡ, ಇಲ್ಲದಿದ್ದರೆ ಬೇಕು. ಭಾವನದರಲ್ಲಿ ಇರಲಿಲ್ಲ. ಆಮೇಲೆ ಕೊಳವೆ. ಅದರ ಒಂದು ತುದಿಯಲ್ಲಿ ಆರು ಮೂಲೆಯ ನಟ್ಟು, ಅದು ಡೈವರ್ಟರಿಗೆ. ಇನ್ನೊಂದು ತುದಿ ಗಂಟೆಯಂತೆ ಇಳಿಜಾರು, ಅದು ಹಿಡಿಗೆ. ಎರಡರೊಳಗೂ ಒಂದೊಂದು ವಾಷರು, ಒಂದೇ ಒಂದು. ಎರಡು ಹಾಕಿದರೆ ಇನ್ನೂ ಭದ್ರ ಎಂಬುದು ನಮ್ಮ ಭಾವನ ಸಿದ್ಧಾಂತ. ಎರಡು ಹಾಕಿದರೆ ಒಂದರ ಮೇಲೊಂದು ಜಾರಿ ಓರೆಯಾಗುತ್ತವೆ, ನಟ್ಟಿಗೆ ಹಿಡಿತವೂ ಸಾಲದು. ಕೈಯಲ್ಲೇ ನಿಲ್ಲುವ ತನಕ ತಿರುಗಿಸಿ, ಆಮೇಲೆ ಬಟ್ಟೆ ಸುತ್ತಿದ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಅಲ್ಲಿಗೆ ಕೈ ತೊಳೆದುಕೊಳ್ಳಿ.

ಸೋರುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೂ ಒಂದು ವಿಧಾನವಿದೆ. ಒದ್ದೆ ಬಚ್ಚಲಲ್ಲಿ ನಿಂತು ಒದ್ದೆ ಕೈಯಲ್ಲಿ ಮುಟ್ಟಿ "ಒದ್ದೆಯಿದೆ" ಎನ್ನುವುದು ಪರೀಕ್ಷೆಯಲ್ಲ. ಪ್ರತಿ ಜಾಯಿಂಟನ್ನು ಒಣಬಟ್ಟೆಯಲ್ಲಿ ಒರೆಸಿ, ನೀರು ಬಿಟ್ಟು, ಪತ್ರಿಕೆಯ ತುಂಡೊಂದನ್ನು ಸುತ್ತಿ ಹಿಡಿಯಿರಿ. ಕಾಗದ ಎಲ್ಲಿ ಮೊದಲು ಕಪ್ಪಾಗುತ್ತದೋ ಅಲ್ಲೇ ಕಳ್ಳ. ಭಾವ ಇದಕ್ಕೂ ಮೆಟ್ಟೂರಿನ ಮಟ್ಟವಿದ್ದ ಪುಟವನ್ನು ಮಾತ್ರ ಹರಿಯಬಾರದೆಂದು ಕಟ್ಟಪ್ಪಣೆ ಮಾಡಿದ್ದರು.

ಕೆಲವರು ಇಷ್ಟೆಲ್ಲ ತಾಪತ್ರಯವಿಲ್ಲದೆ ಎರಡು ಬಣ್ಣದ ಎಪಾಕ್ಸಿ ಮುದ್ದೆಯನ್ನು ಕಲಸಿ ಜಾಯಿಂಟಿಗೆ ಹಚ್ಚಿ, ಮೇಲೊಂದು ದಾರ ಬಿಗಿದು, ವಿಭೂತಿ ಮಾತ್ರ ಬಾಕಿ ಎಂಬಂತೆ ಮಾಡಿಬಿಡುತ್ತಾರೆ. ವಾಷರು ಹೋದ ನಟ್ಟಿಗೆ ಹೊರಗಿನಿಂದ ಮುದ್ದೆ ಹಚ್ಚಿದರೆ ನೀರು ಕೆಲವು ದಿನ ಸೌಜನ್ಯಕ್ಕೆ ನಿಲ್ಲುತ್ತದೆ. ಆಮೇಲೆ ಅದೂ ಸೋರುತ್ತದೆ, ಬಿಚ್ಚಲೂ ಬರುವುದಿಲ್ಲ. ಮುದ್ದೆ ಹಚ್ಚಿದ ಜಾಯಿಂಟನ್ನು ಕಂಡ ಪ್ಲಂಬರಿನ ಮುಖ ನೋಡಿ, ಅವನ ಕೂಲಿ ಅಲ್ಲೇ ಎರಡರಷ್ಟಾಗುವುದು ಕಾಣುತ್ತದೆ.

ಜೋಡಣೆ ಮುಗಿಯಿತು, ಸೋರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ನೀರು ಮಾತ್ರ ಶವರಿನಿಂದ ನಾಚಿಕೊಂಡು ಬಂತು. "ಪೆಟ್ಟಿಗೆಯ ಚಿತ್ರದಲ್ಲಿ ಆ ಹುಡುಗಿಯ ಮೇಲೆ ಮಳೆ ಸುರಿಯುತ್ತಿದೆ, ನಮ್ಮಮ್ಮನ ಮೇಲೆ ಮಾತ್ರ ಯಾಕೆ ಜೊಲ್ಲು?" ಎಂದರು ಭಾವ. ತಪ್ಪು ಶವರಿನದಲ್ಲ, ಎತ್ತರದ್ದು. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯ ತಾರಸಿಯ ಕಪ್ಪು ಟ್ಯಾಂಕಿನ ನೀರು, ತಲೆಯ ಮೇಲಿನ ಶವರಿಗಿಂತ ಹೆಚ್ಚೆಂದರೆ ಎರಡು ಮೀಟರ್ ಮೇಲಿರುತ್ತದೆ. ಅಂದರೆ 0.2 ಬಾರ್. ಅರ್ಧ ಬಾರ್, ಒಂದು ಬಾರ್ ಬೇಡುವ ಶವರುಗಳನ್ನು ಅದಕ್ಕೆ ಕಟ್ಟಿದರೆ ಮಳೆ ಎಲ್ಲಿಂದ ಬರಬೇಕು? ಅತ್ತ ಮೆಟ್ಟೂರಿನಲ್ಲಿ 120 ಅಡಿ ನೀರಿನ ಬುಡದಲ್ಲಿ ಸುಮಾರು 3.6 ಬಾರ್ ಒತ್ತಡ. ಅದನ್ನು ತೊಂಬತ್ತು ವರ್ಷದಿಂದ ಕಟ್ಟೆ ತಡೆದು ನಿಂತಿದೆ, ನಾವು ಅದರ ಹದಿನೆಂಟನೇ ಒಂದು ಪಾಲನ್ನು ತಡೆಯಲಾರದೆ ಪೈಲ್ವಾನನನ್ನು ಕರೆಯುತ್ತಿದ್ದೇವೆ.

ಹ್ಯಾಂಡ್ ಶವರಿನ ಗುಟ್ಟು ಇಲ್ಲೇ ಇರುವುದು. ಅದನ್ನು ಕೈಯಲ್ಲಿ ಹಿಡಿದು ಒಂದು ಮೀಟರ್ ಕೆಳಗೆ ತಂದರೆ ಎರಡು ಮೀಟರಿನ ಎತ್ತರ ಮೂರು ಮೀಟರಾಯಿತು, ಒತ್ತಡ ಒಂದೂವರೆ ಪಟ್ಟು. ಸ್ಟೂಲಿನ ಮೇಲೆ ಕೂತ ಅತ್ತೆಗೆ ಸಿಗುವಷ್ಟು ರಭಸ ನಿಂತು ಮೀಯುವ ಭಾವನಿಗೆ ಸಿಗುವುದಿಲ್ಲ. ಮೋಟಾರು ಪಂಪಿಲ್ಲದೆ ಹಿರಿಯರಿಗೆ ಮರ್ಯಾದೆ ಕೊಡುವ ಯಂತ್ರ ಇದೊಂದೇ. ಹಾಗಾಗಿ ಕೊಕ್ಕೆಯನ್ನು ತಲೆಯ ಮೇಲೆ ಹೊಡೆಯಬೇಡಿ, ಕೂತವರ ಕೈಗೆ ಎಟುಕುವಷ್ಟು ಕೆಳಗೆ ಹೊಡೆಯಿರಿ. ಹೊಡೆಯುವಾಗ ಮಿಕ್ಸರಿನ ನೇರ ಮೇಲಕ್ಕೆ ಡ್ರಿಲ್ ಇಡಬೇಡಿ, ಶವರಿಗೆ ಹೋಗುವ ಪೈಪು ಟೈಲ್ಸಿನ ಹಿಂದೆ ಅಲ್ಲೇ ಏರುತ್ತದೆ. ಬಿಸಿನೀರು, ತಣ್ಣೀರು ಪೈಪುಗಳು ಯಾವ ಕಡೆಯಿಂದ ಮಿಕ್ಸರಿಗೆ ಬರುತ್ತವೆಂದು ಮೊದಲೇ ವಿಚಾರಿಸಿ ಆ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ಪೈಪಿಗೆ ತೂತಾದರೆ ಆಗ ನಿಜವಾದ ಹೊಗೇನಕಲ್ ಜಲಪಾತವನ್ನು ಮನೆಯಲ್ಲೇ ನೋಡಬಹುದು.

ಹೊಗೇನಕಲ್ ಎಂದಾಗ ಧರ್ಮಪುರಿಯ ಮಾವ ನೆನಪಾಗುತ್ತಾರೆ. ಅವರು ಶವರಿನ ಜನ್ಮವೈರಿ. "ಎಣ್ಣೆ ತಿಕ್ಕಿಸಿಕೊಂಡು ಹೊಗೇನಕಲ್ ಅರುವಿಯ ಕೆಳಗೆ ಬೆನ್ನು ಕೊಟ್ಟವನಿಗೆ ಈ ಪ್ಲಾಸ್ಟಿಕ್ ತೂತು ಯಾವ ಲೆಕ್ಕ?" ಎನ್ನುತ್ತಾರೆ. ಆಡಿ ಹದಿನೆಂಟಕ್ಕೆ ಅಲ್ಲಿ ಮೀಯಲು ಸೇರುವ ಜನಜಾತ್ರೆ ನೋಡಿದವರು ಮಾವನ ಪಕ್ಷ ಸೇರಿಬಿಡುತ್ತಾರೆ. ಅಲ್ಲಿ ವಾಷರಿಲ್ಲ, ಟೇಪಿಲ್ಲ, ಸೋರುತ್ತಿದೆ ಎಂದು ದೂರುವವರಿಲ್ಲ. ಆದರೆ ಮಾವನ ಮನೆಯ ಬಚ್ಚಲಿಗೆ ಬರುವುದು ಕಾವೇರಿಯಲ್ಲ, ಬೋರ್‌ವೆಲ್ ನೀರು. ಧರ್ಮಪುರಿಯ ಅಂತರ್ಜಲದ ಫ್ಲೋರೈಡ್ ಕಾಟಕ್ಕೆಂದೇ ಜಪಾನಿನ ಸಾಲ ಪಡೆದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಿದ್ದು, 2013ರಿಂದ ಆ ನೀರು ಹರಿಯುತ್ತಿದೆ. 2008ರಲ್ಲಿ ಆ ಯೋಜನೆಗಾಗಿ ಎರಡು ರಾಜ್ಯಗಳು ಕಿತ್ತಾಡಿದಾಗ ನಮ್ಮಂಥ ಕನ್ನಡ ಮನೆಮಾತಿನ ತಮಿಳುನಾಡಿನವರು ಯಾರ ಪರ ಎಂದು ಕೇಳಿದವರಿಗೆ ಮಾವ, "ನಾನು ಕೊಡದ ಪರ" ಎಂದಿದ್ದರು. ಕುಡಿಯುವುದಕ್ಕೆ ಕಾವೇರಿ, ಮೀಯುವುದಕ್ಕೆ ಬೋರು, ಇದೇ ಅನೇಕ ಮನೆಗಳ ಏರ್ಪಾಡು.

ಬೋರಿನ ನೀರು ಗಡಸು. ಸೇಲಂ ಊರಂಚಿನ ಬಿಳಿ ಗುಡ್ಡಗಳಲ್ಲಿ ಅಗೆಯುವ ಮ್ಯಾಗ್ನಸೈಟ್ ಎಂದರೆ ಮೆಗ್ನೀಸಿಯಮ್ ಕಾರ್ಬೋನೇಟ್. ಈ ಸೀಮೆಯ ನೆಲಕ್ಕೆ ಆ ಗುಣ ರಕ್ತದಲ್ಲೇ ಇದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಮ್ ಎಲ್ಲ ಶವರಿನ ತೂತುಗಳಲ್ಲಿ ಬಿಳಿ ಹಕ್ಕಳೆಯಾಗಿ ಕೂರುತ್ತವೆ. ಮೊದಲು ಧಾರೆ ಅಡ್ಡಾದಿಡ್ಡಿ ಹಾರುತ್ತದೆ, ಮೀಯುವವರನ್ನು ಬಿಟ್ಟು ಒಣಗಲು ಹಾಕಿದ ಟವೆಲ್ಲನ್ನು ನೆನೆಸುತ್ತದೆ. ಆಮೇಲೆ ಒಂದೊಂದೇ ಕಣ್ಣು ಮುಚ್ಚುತ್ತದೆ. ಮುಂದೆ ಹೋಗಲಾರದ ನೀರು ಹಿಂದಿನ ಜಾಯಿಂಟನ್ನು ಒತ್ತಿ, ಸಡಿಲವಿದ್ದ ವಾಷರನ್ನು ಹುಡುಕಿಕೊಂಡು ಹೊರಬರುತ್ತದೆ. ಜನ ಆಗ ನಟ್ಟು ಬಿಗಿ ಮಾಡುತ್ತಾರೆ, ರೋಗ ತಲೆಯಲ್ಲಿ, ಪಟ್ಟಿ ಕಾಲಿಗೆ. ಮಾಡಬೇಕಾದದ್ದು ಸುಲಭ: ಹಿಡಿಯನ್ನು ಬಿಚ್ಚಿ, ಹುಣಸೆಹುಳಿಯ ನೀರಿನಲ್ಲೋ ನಿಂಬೆರಸದಲ್ಲೋ ವಿನೆಗರಿನಲ್ಲೋ ಅರ್ಧ ಗಂಟೆ ನೆನೆಸಿ, ಹಳೆ ಬ್ರಷ್ಷಿನಿಂದ ಉಜ್ಜಿ. ತೂತುಗಳಿಗೆ ರಬ್ಬರಿನಂಥ ಮೊನೆಗಳಿದ್ದರೆ ಹೆಬ್ಬೆರಳಿನಿಂದ ತಿಕ್ಕಿದರೂ ಸಾಕು. ರಾತ್ರಿಯಿಡೀ ನೆನೆಸಿದರೆ ಹುಳಿ ಕ್ರೋಮಿನ ಹೊಳಪನ್ನೂ ತಿನ್ನುತ್ತದೆ. ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಗಂಡಸರು ಕೇಳಿಸಿಕೊಳ್ಳಲಿ.

ಇನ್ನು ಸುಳ್ಳು ಸೋರಿಕೆಯ ಕಥೆ. ನಲ್ಲಿ ನಿಲ್ಲಿಸಿದ ಮೇಲೂ ಶವರು ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ. ಭಾವ ಗಾಬರಿಯಾಗಿ ಮತ್ತೆ ಸ್ಪ್ಯಾನರ್ ಎತ್ತಿದರು. ಅದು ಹಿಡಿಯಲ್ಲೂ ಕೊಳವೆಯಲ್ಲೂ ಉಳಿದ ನೀರು, ಹಿಡಿಯನ್ನು ಒಮ್ಮೆ ಬಗ್ಗಿಸಿ ಒದರಿದರೆ ಮುಗಿಯಿತು. ಗಂಟೆಗಟ್ಟಲೆ ಬಿಡದೆ ತೊಟ್ಟಿಕ್ಕಿದರೆ ಮಾತ್ರ ತಪ್ಪು ಶವರಿನದಲ್ಲ, ಮಿಕ್ಸರಿನ ಒಳಗಿನದು. ಆಗ ಮೇಲಿನ ನಟ್ಟುಗಳನ್ನು ಎಷ್ಟು ಹಿಂಸಿಸಿದರೂ ಪ್ರಯೋಜನವಿಲ್ಲ.

ಹಿಡಿಯಲ್ಲೇ ಗುಂಡಿಯಿರುವ ಶವರುಗಳದು ಇನ್ನೊಂದು ಮೋಸ. ಗುಂಡಿ ಒತ್ತಿ ನೀರು ನಿಲ್ಲಿಸಿ, ಗೋಡೆಯ ನಲ್ಲಿಯನ್ನು ತೆರೆದೇ ಬಿಟ್ಟು ಹೋಗುವವರಿದ್ದಾರೆ. ಕೊಳವೆ ಹಗಲೂ ರಾತ್ರಿ ಒತ್ತಡದಲ್ಲಿ ಬಿಗಿದುಕೊಂಡಿರುತ್ತದೆ. ಹೊರಗೆ ಸ್ಟೀಲಿನ ಚಿಪ್ಪು ಎಷ್ಟೇ ಗಟ್ಟಿಯಿದ್ದರೂ ನೀರು ಹಿಡಿದಿರುವುದು ಒಳಗಿನ ರಬ್ಬರೋ ಪ್ಲಾಸ್ಟಿಕ್ಕೋ. ಒಂದು ದಿನ ಮನೆಮಂದಿಯೆಲ್ಲ ಮದುವೆಗೆ ಹೋದಾಗ ಅದು ಒಡೆಯುತ್ತದೆ, ಮನೆಯಲ್ಲಿರುವಾಗ ಒಡೆಯುವ ಸಂಸ್ಕಾರ ಅದಕ್ಕಿಲ್ಲ. ಗೀಜರಿನ ಮಿಕ್ಸರಾದರೆ ಬಿಸಿನೀರು ತಣ್ಣೀರಿನ ಪೈಪಿಗೂ ತಣ್ಣೀರು ಗೀಜರಿಗೂ ನುಗ್ಗುವುದು ಬೇರೆ. ಸ್ನಾನ ಮುಗಿದ ಮೇಲೆ ನಿಲ್ಲಿಸಬೇಕಾದ್ದು ಗೋಡೆಯ ನಲ್ಲಿಯನ್ನೇ. ಹಾಗೆಯೇ ಬಟ್ಟೆ ನೆನೆಸಿದ ಸೋಪಿನ ಬಕೆಟ್ಟಿನಲ್ಲಿ ಶವರಿನ ಹಿಡಿಯನ್ನು ಮುಳುಗಿಸಿಡಬೇಡಿ. ಪೈಪಿನಲ್ಲಿ ನೀರು ಇಳಿದು ಸೆಳೆತ ಹುಟ್ಟಿದರೆ ಆ ಕೊಳೆನೀರೇ ಹಿಮ್ಮುಖವಾಗಿ ಪೈಪಿಗೆ ಏರಬಹುದು. ಕೊಕ್ಕೆ ಇರುವುದು ಅಲಂಕಾರಕ್ಕಲ್ಲ.

ಕೊನೆಗೆ ಅತ್ತೆ ಮಿಂದರು. ಅರಪ್ಪು ಹಚ್ಚಿ ತಲೆಗೆ ನೀರು ಹಾಕಿಕೊಂಡು ಹೊರಬಂದವರನ್ನು ಬೆಂಗಳೂರು, ಗುಗೈ ಎರಡೂ ಕಡೆಯವರು ಒಟ್ಟಿಗೆ ಕೇಳಿದರು: "ಹೇಗಿತ್ತು?" ಅತ್ತೆ ಕೂದಲು ಝಾಡಿಸುತ್ತ, "ಪರವಾಗಿಲ್ಲ. ಆದರೆ ನರಕ ಚತುರ್ದಶಿಗೆ ನನಗೆ ಹಂಡೆಯೇ ಬೇಕು. ಹಿಂದಿನ ರಾತ್ರಿ ಈ ಟೆಲಿಫೋನಿಗೆ ನೀರು ತುಂಬಿ ಪೂಜೆ ಮಾಡೋಕಾಗುತ್ತಾ?" ಎಂದರು. ನೀರು ತುಂಬುವ ಹಬ್ಬದ ಈ ಪ್ರಶ್ನೆಗೆ ಜರ್ಮನಿಯವರಲ್ಲೂ ಉತ್ತರವಿರಲಾರದು.

ನಾನು ಹೇಳುವುದಿಷ್ಟೇ. ನಲ್ಲಿ ಅಂಗಡಿಗೆ ಹೋದಾಗ ಶವರಿನ ಹೊಳಪು ನೋಡಿ ಮರುಳಾಗುವ ಮೊದಲು, ಗಲ್ಲಾದ ಪಕ್ಕದ ಡಬ್ಬಿಯಲ್ಲಿರುವ ಅರ್ಧ ಇಂಚಿನ ರಬ್ಬರ್ ವಾಷರು ನಾಲ್ಕು ಮತ್ತು ಒಂದು ಉಂಡೆ ಟೇಪು ಕೇಳಿ ತೆಗೆದುಕೊಳ್ಳಿ. ಎರಡೂ ಚಿಲ್ಲರೆ ಕಾಸಿನ ಮಾಲು. ಮರೆ ತಡೆಯುವ ಕಡೆ ಟೇಪು, ವಾಷರು ತಡೆಯುವ ಕಡೆ ವಾಷರು, ಎರಡು ಕಡೆಯೂ ಹದವಾದ ಕೈ. ಪೈಲ್ವಾನನಿಗೆ ಬೇರೆ ಕೆಲಸ ಕೊಡಿ. ಮಿಕ್ಕ ವಾಷರುಗಳನ್ನು ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಹೇಳಿಡಿ, ಇಲ್ಲದಿದ್ದರೆ ಅವು ಕುಕ್ಕರಿನ ಡಬ್ಬಿ ಸೇರುತ್ತವೆ.